ಮೂರು ಚಕ್ರದ್ದು

ಕಾರು ಮಾರಿದ ದಿನ ಸರ್ವಮಂಗಳ ಅಂದಳು:
"ನಾಲ್ಕು ಚಕ್ರದ್ದು ಕೊಟ್ಟು ಮೂರು ಚಕ್ರದ್ದು ತರುವವರು
ಇಡೀ ಹಾಸನದಲ್ಲಿ ನೀವೊಬ್ಬರೇ."

ಲೆಕ್ಕ ತಪ್ಪಿರಲಿಲ್ಲ.
ಮೂರು ಚಕ್ರ, ಎರಡು ಸೀಟು, ಒಂದೇ ಇಂಜಿನ್,
ನನಗಿಂತ ನಾಲ್ಕು ವರ್ಷ ಚಿಕ್ಕದು.
ಅದರಲ್ಲೂ ನನ್ನದು ಮೂರನೇ ಒಂದು ಪಾಲು.
ಉಳಿದದ್ದು ಮೋಟಾರು ರಿವೈಂಡಿಂಗಿನ ಇನಾಯತ್ ಸಾಬರದು,
ದನದ ಡಾಕ್ಟರು ಪದ್ಮಲತಾ ಅವರದು.
"ಬಾಲದ ಕಡೆ ನನಗಿರಲಿ," ಅಂದರು ಡಾಕ್ಟರು, "ಅಭ್ಯಾಸ ಇದೆ."

ನೋಡಲು ಹೋದದ್ದು ಕೊಯಮತ್ತೂರಿನಾಚೆ ಒಂದು ಶೆಡ್ಡಿಗೆ.
ಹನ್ನೊಂದು ವರ್ಷ ಕದ ಹಾಕಿಯೇ ಇತ್ತಂತೆ.
ಹಾಸನಾಂಬೆಯ ದೀಪವೇ ಇದು,
ವರ್ಷ ಬಿಟ್ಟು ಬಾಗಿಲು ತೆಗೆದರೂ ಉರಿಯುತ್ತಿರಲು?
ತಿರುಗದ ಇಂಜಿನ್ನು ಒಳಗೊಳಗೇ ತುಕ್ಕು.
ಇನಾಯತ್ ಗಾಳಿ ತುಂಬಿ ಮುಳ್ಳು ನೋಡಿದ:
ಎಂಬತ್ತಕ್ಕೆ ಎಪ್ಪತ್ತೆರಡು, ಎಪ್ಪತ್ತು, ಎಪ್ಪತ್ತೊಂದು,
ನಾಲ್ಕನೆಯದು ಐವತ್ತೆಂಟು.
"ಇದಕ್ಕೆ ದಮ್ಮು," ಅಂದ, ನಮ್ಮಪ್ಪನ ಬಗ್ಗೆ ಹೇಳಿದಷ್ಟೇ ಮೆತ್ತಗೆ.
ವೇಗ ಅಳೆಯುವ ಕೊಳವೆಯಲ್ಲಿ
ಕಡಜವೊಂದು ಮಣ್ಣಿನ ಮನೆ ಕಟ್ಟಿ ಬಿಟ್ಟುಹೋಗಿತ್ತು.

ಲಾಗ್ ಪುಸ್ತಕ ಮಾತ್ರ ನಾನು ಕೂತು ಓದಿದೆ.
೧೯೮೩, ನೀಲಿ ಶಾಯಿ: ಬಲಬಾಗಿಲು ಗಾಳಿಗೆ ತೆರೆದುಕೊಳ್ಳುತ್ತದೆ.
೧೯೯೭, ಬೇರೆ ಕೈ: ಬಲಬಾಗಿಲು, ಮೇಲಿನಂತೆ.
೨೦೦೬, ಪೆನ್ಸಿಲು: ಮೊಣಕೈ ಇಡಿ.
ನಾನು ಒಪ್ಪಿದ್ದು ಆ ಪೆನ್ಸಿಲಿಗೇ ಇರಬೇಕು.
ಡಾಕ್ಟರು ಟವಲ್ಲು ಹಾಸಿ, ಅದರಡಿ ಮಾಲೀಕನ ಬೆರಳು ಹಿಡಿದು
ದನದ ಜಾತ್ರೆಯ ಲೆಕ್ಕದಲ್ಲೇ ರೇಟು ಮುಗಿಸಿದರು.

ಎಮ್ಮೆ ಅಗ್ಗ, ಹಿಂಡಿ ತುಟ್ಟಿ.
ದೆಲ್ಲಿಯಿಂದ ಕಾಗದ ಬರಲು ಹದಿಮೂರು ತಿಂಗಳು,
ನಾಲ್ಕನೇ ಸಿಲಿಂಡರಿಗೆ ನನ್ನ ಚೀಟಿ ದುಡ್ಡು.

ನನ್ನ ಕಸುಬು ತಕ್ಕಡಿ ರಿಪೇರಿ.
ಆಲೂಗಡ್ಡೆ ಮಂಡಿಯ ಕಾಟಾಗಳೆಲ್ಲ ನನ್ನ ಕೈಯಲ್ಲೇ ನಿಜ ಹೇಳಲು ಕಲಿತವು.
ಇಪ್ಪತ್ತಾರು ವರ್ಷದಲ್ಲಿ ಹೆಂಡತಿಯ ತೂಕ ಕೇಳಿರಲಿಲ್ಲ.
ಈಗ ಕೇಳಲೇಬೇಕು: ಅವಳು, ನಾನು, ಪೆಟ್ರೋಲು,
ಕೂಡಿದರೆ ಗೆರೆಯ ಈಚೆ ನಿಲ್ಲಬೇಕು.
ಅರವತ್ತೆಂಟು ಅಂದಳು.
ಕಾಟಾ ಎಪ್ಪತ್ಮೂರು ಅಂದಿತು.
"ಮೊದಲು ಇದನ್ನ ರಿಪೇರಿ ಮಾಡಿ."
ಐದು ಕೇಜಿ ಪೆಟ್ರೋಲು ಇಳಿಸಿದೆ.

ನಮ್ಮ ಊರ ನೆಲವೇ ಮೂರು ಸಾವಿರ ಅಡಿ,
ಬಿಸಿಲೇರಿದರೆ ಗಾಳಿ ತೆಳುವು, ವಿಮಾನ ಸೋಮಾರಿ.
ಬೆಳಿಗ್ಗೆ ಏಳಕ್ಕೇ ಹೋದೆವು ಹೊನ್ನೇಕೊಪ್ಪಲಿನ ಓಡುಪಟ್ಟಿಗೆ.
ಅದರ ತುಂಬ ಹುರುಳಿ ಹರಡಿದ್ದರು.
"ಹತ್ತಿಸ್ಕೊಂಡು ಹೋಗಿ ಸ್ವಾಮಿ, ಕಾಳು ಬಿಡಲಿ," ಅಂದ ಮುದ್ದೇಗೌಡ.
ಮೂರು ಚಕ್ರಕ್ಕೆ ಎಷ್ಟು ಕಾಳು ಬಿಟ್ಟೀತು?
ಅರ್ಧ ಗಂಟೆ ಗುಡಿಸಿದೆವು, ಅವಳೂ ಪೊರಕೆ ಹಿಡಿದಳು.

ಎದ್ದಿತು.
ಹೇಗೆ ಅಂತ ಹೇಳಲಾರೆ.
ಸದ್ದು ಅಷ್ಟೇ ಇತ್ತು, ನೆಲದ ಕುಲುಕು ಮಾತ್ರ ನಿಂತುಹೋಯಿತು.
ದೂರದಲ್ಲಿ ಹೇಮಾವತಿಯ ಹಿನ್ನೀರು, ಯಾರೋ ಮರೆತ ತಟ್ಟೆ.
ಅವಳು ಬಾಗಿಲಿಗೆ ಮೊಣಕೈ ಒತ್ತಿ
ಎದುರಿನ ಗಡಿಯಾರಗಳನ್ನೇ ನೋಡುತ್ತಿದ್ದಳು,
ಹಾಲು ಉಕ್ಕೀತೆಂದು ಕಾಯುವಂತೆ.

ಕಾಟೀಹಳ್ಳಿಯ ಮೇಲೆ ವಾಲಿಸಿದೆ.
ಶೆಡ್ಡುಗಳು, ಶೆಡ್ಡುಗಳು, ಅದರಲ್ಲೊಂದು ನಮ್ಮದು.
"ಅಲ್ಲಿ!" ಅಂದಳು. ಬಾಗಿಲು ಬಿಟ್ಟು ಬೆರಳು ತೋರಿಸಿದಳು.
ಮೂರನೇ ತಗಡು, ಮೊಳೆಯ ಪಕ್ಕ,
ತುಕ್ಕಿನ ನಡುವೆ ಅಂಗೈಯಗಲದ ಕಪ್ಪು.
ಏಳು ಮಳೆಗಾಲ ಒಳಗಿಂದ ಹುಡುಕಿದ ಸೋರಿಕೆ.
ಬಕೆಟ್ಟು ಇಟ್ಟು, ಬೇರೆ ಕಡೆ ಟಾರು ಬಳಿದು,
ಕೆಲಸದವನನ್ನು ಬೈದು.
ಬಾಗಿಲು ಬೆರಳಗಲ ತೆರೆದು ಗಾಳಿ ಕೂಗುತ್ತಿತ್ತು.
ಅವಳೂ ಕೂಗುತ್ತಿದ್ದಳು: "ಇನ್ನೊಂದು ಸುತ್ತು ಹೊಡೀರಿ!
ಸರಿಯಾಗಿ ನೋಡಿಕೊಳ್ಳೋಣ!"

ತೇಪೆಗೆ ನೂರಾ ನಲವತ್ತು ರೂಪಾಯಿ ಆಯಿತು.
ಹುಡುಕಿದ ಖರ್ಚು ನಾವು ಮೂವರೂ ಯಾರಿಗೂ ಹೇಳಿಲ್ಲ.
ಆ ಸಂಜೆ ಲಾಗ್ ಪುಸ್ತಕ ತೆಗೆದು
ಪೆನ್ಸಿಲಿನ ಸಾಲಿನ ಕೆಳಗೆ ಬರೆದೆ:
ಬಲಬಾಗಿಲು, ಮೇಲಿನಂತೆ.